ಅಥವಾ ಇತರ ಅಪರಾಧ

ಅಮೆರಿಕದಲ್ಲಿ ಯಾರು ಓಟು ಹಾಕಬಹುದು ಅನ್ನೋದನ್ನ ಅಲ್ಲಿಯ ಕೇಂದ್ರ ಸರ್ಕಾರ ತೀರ್ಮಾನ ಮಾಡೋದಿಲ್ಲ. ರಾಜ್ಯಗಳು ಮಾಡುತ್ತವೆ. ಅಧ್ಯಕ್ಷರ ಚುನಾವಣೆಗೂ ಅಷ್ಟೇ. ನಮಗೆ ಇದು ಸ್ವಲ್ಪ ವಿಚಿತ್ರವಾಗಿ ಕಾಣುತ್ತೆ. ನಮ್ಮ ಸಂವಿಧಾನದ 326ನೇ ವಿಧಿ ವಯಸ್ಕರಿಗೆಲ್ಲ ಮತ ಅಂತ ಹೇಳಿಬಿಟ್ಟಿದೆ, ವಿವರಗಳು ಸಂಸತ್ತಿನ ಕಾನೂನಿನಲ್ಲಿವೆ. ಜೈಲಿನಲ್ಲಿರುವಷ್ಟು ದಿನ ಓಟಿಲ್ಲ (1951ರ ಪ್ರಜಾಪ್ರಾತಿನಿಧ್ಯ ಕಾಯ್ದೆಯ 62ನೇ ಸೆಕ್ಷನ್). ಹೊರಗೆ ಬಂದ ಮೇಲೆ, ಚುನಾವಣಾ ಅಕ್ರಮದಂಥ ಕೆಲವು ಕೇಸು ಬಿಟ್ಟರೆ, ಉಂಟು. ಬೀದರಿಗೆ ಒಂದು ನಿಯಮ, ಕಾಸರಗೋಡಿಗೆ ಇನ್ನೊಂದು ಅಂತಿಲ್ಲ.

ಅಲ್ಲಿ ಹಾಗಲ್ಲ. ಮೇನ್ ಮತ್ತು ವರ್ಮಾಂಟ್ ರಾಜ್ಯಗಳಲ್ಲಿ ಕೊಲೆ ಮಾಡಿ ಜೈಲಿನಲ್ಲಿ ಕೂತವನೂ ಅಂಚೆಯಲ್ಲಿ ಓಟು ಕಳಿಸಬಹುದು. ಮಿಸಿಸಿಪ್ಪಿಯಲ್ಲಿ ಒಮ್ಮೆ ಕಳ್ಳತನಕ್ಕೆ ಶಿಕ್ಷೆಯಾಯಿತು ಅಂದ್ರೆ, ಹೊರಗೆ ಬಂದು ಮೂವತ್ತು ವರ್ಷ ಸುಮ್ಮನೆ ಸಂಸಾರ ಮಾಡಿಕೊಂಡಿದ್ದರೂ ಓಟಿಲ್ಲ. 2024ರ ಮೇ ತಿಂಗಳಲ್ಲಿ ಡೊನಾಲ್ಡ್ ಟ್ರಂಪ್ ನ್ಯೂಯಾರ್ಕ್ ಕೋರ್ಟಿನಲ್ಲಿ 34 ಫೆಲನಿ ಆರೋಪಗಳಲ್ಲಿ ದೋಷಿ ಅಂತ ತೀರ್ಮಾನವಾಯಿತಲ್ಲ, ಆಮೇಲೆ ನವೆಂಬರಿನಲ್ಲಿ ಫ್ಲೋರಿಡಾದಲ್ಲಿ ಆರಾಮಾಗಿ ಓಟು ಹಾಕಿದರು. ಯಾಕಂದ್ರೆ ಬೇರೆ ರಾಜ್ಯದಲ್ಲಿ ದೋಷಿಯಾದವರಿಗೆ ಫ್ಲೋರಿಡಾ ಆ ರಾಜ್ಯದ ನಿಯಮವನ್ನೇ ಹಚ್ಚುತ್ತೆ, ಮತ್ತೆ ನ್ಯೂಯಾರ್ಕಿನಲ್ಲಿ ಜೈಲಿನೊಳಗೆ ಇದ್ದರೆ ಮಾತ್ರ ಓಟು ಹೋಗುತ್ತೆ. ಫ್ಲೋರಿಡಾದ ಕೋರ್ಟಿನಲ್ಲೇ ಶಿಕ್ಷೆಯಾದ ಸಾಮಾನ್ಯನಾದರೆ ಜೈಲು, ಪೆರೋಲ್, ದಂಡ ಎಲ್ಲ ಮುಗಿಯುವವರೆಗೆ ಕಾಯಬೇಕು. (ಫೆಲನಿ ಅಂದ್ರೆ ಸಾಮಾನ್ಯವಾಗಿ ಒಂದು ವರ್ಷಕ್ಕಿಂತ ಹೆಚ್ಚು ಜೈಲಾಗಬಹುದಾದ ಅಪರಾಧ ಅಂತಿಟ್ಟುಕೊಳ್ಳಿ.)

ಹೀಗೆ ಓಟು ಕಳಕೊಂಡವರು 2024ರಲ್ಲಿ ಸುಮಾರು 40 ಲಕ್ಷ ಜನ ಅಂತ ಸೆಂಟೆನ್ಸಿಂಗ್ ಪ್ರಾಜೆಕ್ಟ್ ಅನ್ನೋ ಸಂಸ್ಥೆಯ ಅಂದಾಜು. 2016ರಲ್ಲಿ ಇದು 61 ಲಕ್ಷ ಇತ್ತು. ಅವರಲ್ಲಿ ಎಷ್ಟೋ ಜನ ಜೈಲಿನಲ್ಲಿಲ್ಲ, ಪಕ್ಕದ ಮನೆಯಲ್ಲಿದ್ದಾರೆ, ಕೆಲಸಕ್ಕೆ ಹೋಗ್ತಾರೆ, ತೆರಿಗೆ ಕಟ್ತಾರೆ. ಹಾಗಾದ್ರೆ ಕೇಂದ್ರ ಒಂದು ಕಾನೂನು ಮಾಡಿ ಮುಗಿಸಬಾರದೇ? ಉತ್ತರ ಹುಡುಕ್ತಾ ಹೋದ್ರೆ 1868ರ ಒಂದು ವಾಕ್ಯದ ಮಧ್ಯದಲ್ಲಿ ಸಿಕ್ಕಿಕೊಂಡಿರುವ ಮೂರು ಪದಗಳಿಗೆ ಬಂದು ನಿಲ್ಲುತ್ತೇವೆ. "ಅಥವಾ ಇತರ ಅಪರಾಧ."

ಅದಕ್ಕೂ ಮೊದಲು 1787. ಫಿಲಡೆಲ್ಫಿಯಾದಲ್ಲಿ ಸಂವಿಧಾನ ಬರೆಯಲು ಕೂತವರಿಗೆ ಯಾರಿಗೆ ಓಟು ಅನ್ನೋದರಲ್ಲಿ ಒಮ್ಮತ ಸಾಧ್ಯವೇ ಇರಲಿಲ್ಲ. ಒಂದು ರಾಜ್ಯದಲ್ಲಿ ಇಷ್ಟು ಜಮೀನಿದ್ದವನಿಗೆ, ಇನ್ನೊಂದರಲ್ಲಿ ತೆರಿಗೆ ಕಟ್ಟುವವನಿಗೆ.. ಹೀಗೆ. ಅದಕ್ಕೆ ಅವರು ಜಾಣತನದಿಂದ ಜಾರಿಕೊಂಡರು. ಮೊದಲ ವಿಧಿಯ 2ನೇ ಸೆಕ್ಷನ್ನಿನಲ್ಲಿ, ರಾಜ್ಯದ ಶಾಸನಸಭೆಯ ದೊಡ್ಡ ಸದನಕ್ಕೆ ಯಾರು ಓಟು ಹಾಕಬಹುದೋ ಅವರೇ ಕೇಂದ್ರದ ಕೆಳಮನೆಗೂ ಹಾಕಲಿ ಅಂತ ಬರೆದರು. 4ನೇ ಸೆಕ್ಷನ್ನಿನಲ್ಲಿ, ಚುನಾವಣೆಯ ಸಮಯ, ಸ್ಥಳ, ವಿಧಾನ ಇವನ್ನು ರಾಜ್ಯಗಳು ನಿಗದಿ ಮಾಡಲಿ, ಆದರೆ ಕಾಂಗ್ರೆಸ್ ಬೇಕಾದರೆ ಬದಲಿಸಬಹುದು ಅಂದರು. (ಕಾಂಗ್ರೆಸ್ ಅಂದ್ರೆ ಇಲ್ಲಿ ಪಕ್ಷ ಅಲ್ಲ, ಅಲ್ಲಿಯ ಸಂಸತ್ತು.) ಅಂದ್ರೆ 'ಹೇಗೆ' ಅನ್ನೋದರಲ್ಲಿ ಕೇಂದ್ರಕ್ಕೆ ಕೈಯಿದೆ, 'ಯಾರು' ಅನ್ನೋದರಲ್ಲಿ ಇಲ್ಲ. ಈ ಗೆರೆ ಇವತ್ತಿಗೂ ಹಾಗೇ ಇದೆ. ಮುಂದೆ ಈ ಗೆರೆ ದಾಟಬೇಕು ಅನ್ನಿಸಿದಾಗಲೆಲ್ಲ ಅವರು ಸಂವಿಧಾನವನ್ನೇ ತಿದ್ದಬೇಕಾಯಿತು. ಬಣ್ಣದ ಮೇಲೆ ಓಟು ನಿರಾಕರಿಸಬಾರದು ಅಂತ 1870ರಲ್ಲಿ, ಹೆಂಗಸರಿಗೆ ಓಟು ಅಂತ 1920ರಲ್ಲಿ, ಓಟಿಗೆ ತೆರಿಗೆ ಕೇಳಬಾರದು ಅಂತ 1964ರಲ್ಲಿ, 18 ವರ್ಷಕ್ಕೆ ಓಟು ಅಂತ 1971ರಲ್ಲಿ.

ಈಗ 1868ರ ಹದಿನಾಲ್ಕನೇ ತಿದ್ದುಪಡಿಗೆ ಬರೋಣ. ಇದರ ಮೊದಲ ಸೆಕ್ಷನ್ ಎಲ್ಲರಿಗೂ ಗೊತ್ತಿರೋದು, ಕಾನೂನಿನ ಸಮಾನ ರಕ್ಷಣೆ. ಎರಡನೇ ಸೆಕ್ಷನ್ ಯಾರೂ ಓದಲ್ಲ, ಆದರೆ ನಮ್ಮ ಕಥೆ ಇರೋದೇ ಅಲ್ಲಿ.

ಅದರ ಲೆಕ್ಕಾಚಾರ ಸ್ವಾರಸ್ಯಕರ. ಅಂತರ್ಯುದ್ಧಕ್ಕೆ ಮೊದಲು ಕೆಳಮನೆಯ ಸೀಟು ಹಂಚುವಾಗ ಒಬ್ಬ ಗುಲಾಮನನ್ನು ಐದನೇ ಮೂರು ಮನುಷ್ಯ ಅಂತ ಎಣಿಸುತ್ತಿದ್ದರು. 1865ರಲ್ಲಿ ಗುಲಾಮಗಿರಿ ಹೋಯಿತು, ಈಗ ಪೂರ್ತಿ ಒಬ್ಬ ಅಂತ ಎಣಿಸಬೇಕು. ಪರಿಣಾಮ ಏನು? ಯುದ್ಧದಲ್ಲಿ ಸೋತ ದಕ್ಷಿಣದ ರಾಜ್ಯಗಳಿಗೇ ಮೊದಲಿಗಿಂತ ಹೆಚ್ಚು ಸೀಟು! ಅದೂ ಆ ಬಿಡುಗಡೆಯಾದ ಜನರಿಗೆ ಓಟು ಕೊಡದೆ. ಗೆದ್ದ ಉತ್ತರದವರಿಗೆ ಇದು ಹೇಗೆ ಸಹಿಸಬೇಕು. ಅದಕ್ಕೆ ಎರಡನೇ ಸೆಕ್ಷನ್ನಿನಲ್ಲಿ ಒಂದು ದಂಡ ಇಟ್ಟರು. 21 ವರ್ಷ ತುಂಬಿದ ಗಂಡಸು ಪ್ರಜೆಗಳಿಗೆ ಓಟು ನಿರಾಕರಿಸಿದರೆ, ಅಷ್ಟು ಪ್ರಮಾಣದಲ್ಲಿ ಆ ರಾಜ್ಯದ ಪ್ರಾತಿನಿಧ್ಯಕ್ಕೆ ಕತ್ತರಿ. (ಅಮೆರಿಕದ ಸಂವಿಧಾನದೊಳಗೆ 'ಗಂಡಸು' ಅನ್ನೋ ಪದ ಮೊದಲ ಸಲ ಬಂದಿದ್ದು ಇಲ್ಲೇ. ಹೆಂಗಸರ ಹೋರಾಟಗಾರರು ಉರಿದುಬಿದ್ದರು, ಸರಿಯಾಗೇ ಇತ್ತು.) ಆ ದಂಡಕ್ಕೆ ಒಂದು ವಿನಾಯಿತಿ: ಬಂಡಾಯದಲ್ಲಿ ಪಾಲ್ಗೊಂಡಿದ್ದಕ್ಕೆ, ಅಥವಾ ಇತರ ಅಪರಾಧಕ್ಕೆ, ಓಟು ಕಿತ್ತುಕೊಂಡಿದ್ದರೆ ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಬಂಡಾಯ ಅಂತ ಯಾಕೆ ಹಾಕಿದರು ಅಂತ ಅರ್ಥವಾಗುತ್ತೆ, ಆಗಷ್ಟೇ ಯುದ್ಧ ಮುಗಿದಿತ್ತು. ಬಾಲಕ್ಕೆ ಅಂಟಿಕೊಂಡ ಆ ಮೂರು ಪದಗಳ ಬಗ್ಗೆ ಅಂದು ಹೇಳಿಕೊಳ್ಳುವಂಥ ಚರ್ಚೆಯೇ ನಡೆದಿಲ್ಲ. ಆ ಹೊತ್ತಿಗೆ 29 ರಾಜ್ಯಗಳ ಸಂವಿಧಾನಗಳಲ್ಲಿ ಅಪರಾಧಿಗಳ ಓಟು ಕಿತ್ತುಕೊಳ್ಳುವ, ಇಲ್ಲವೇ ಕಿತ್ತುಕೊಳ್ಳಲು ಶಾಸನಸಭೆಗೆ ಅಧಿಕಾರ ಕೊಡುವ ಮಾತಿತ್ತು. ಇದ್ದದ್ದನ್ನು ಇದ್ದ ಹಾಗೆ ಬಿಟ್ಟರು ಅಷ್ಟೇ.

ಇನ್ನೊಂದು ತಮಾಷೆ ಕೇಳಿ. ಆ ದಂಡವನ್ನು ಇವತ್ತಿನವರೆಗೆ ಒಂದೇ ಒಂದು ರಾಜ್ಯದ ಮೇಲೂ ಪ್ರಯೋಗಿಸಿಲ್ಲ. ದಕ್ಷಿಣದ ರಾಜ್ಯಗಳು ಲಕ್ಷಗಟ್ಟಲೆ ಕಪ್ಪು ಜನರ ಓಟು ನುಂಗಿ ಕೂತಿದ್ದ ಕಾಲದಲ್ಲೂ ಒಂದು ಸೀಟೂ ಕಡಿಮೆಯಾಗಲಿಲ್ಲ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಫಂಕ್ಷನ್ ಒಮ್ಮೆಯೂ ರನ್ ಆಗಿಲ್ಲ, ಅದರೊಳಗಿನ ಎಕ್ಸೆಪ್ಷನ್ ಮಾತ್ರ ಪ್ರೊಡಕ್ಷನ್ನಿನಲ್ಲಿದೆ :)

1870ರಲ್ಲಿ ಮಿಸಿಸಿಪ್ಪಿ, ವರ್ಜೀನಿಯಾ, ಟೆಕ್ಸಾಸ್‌ಗಳನ್ನು ಮತ್ತೆ ಒಕ್ಕೂಟಕ್ಕೆ ಸೇರಿಸಿಕೊಳ್ಳುವಾಗ ಕಾಂಗ್ರೆಸ್ ಒಂದು ಷರತ್ತು ಹಾಕಿತ್ತು. ನಿಮ್ಮ ಸಂವಿಧಾನವನ್ನು ಮುಂದೆಂದೂ ತಿದ್ದಿ ಈಗ ಓಟಿರುವ ಯಾವುದೇ ವರ್ಗದ ಓಟು ಕಿತ್ತುಕೊಳ್ಳಕೂಡದು, ಸಾಂಪ್ರದಾಯಿಕ ಕಾನೂನಿನಲ್ಲಿ ಈಗ ಫೆಲನಿಯಾಗಿರುವ ಅಪರಾಧಗಳಿಗೆ ಶಿಕ್ಷೆಯಾಗಿ ಮಾತ್ರ ಕಿತ್ತುಕೊಳ್ಳಬಹುದು ಅಂತ. ಕೇಂದ್ರ ತನ್ನ ಕೈಯನ್ನು 'ಯಾರು' ಅನ್ನೋ ಕಡೆಗೆ ಅಷ್ಟು ದೂರ ಚಾಚಿದ್ದು ಅಪರೂಪ. ಇಪ್ಪತ್ತು ವರ್ಷಕ್ಕೆ ಎಲ್ಲರೂ ಅದನ್ನು ಮರೆತರು.

1890ರಲ್ಲಿ ಮಿಸಿಸಿಪ್ಪಿ ಹೊಸ ಸಂವಿಧಾನ ಬರೆಯಿತು. ರಾಜ್ಯದಲ್ಲಿ ಕಪ್ಪು ಜನರೇ ಬಹುಸಂಖ್ಯಾತರು, ಆದರೆ 134 ಪ್ರತಿನಿಧಿಗಳಲ್ಲಿ ಕಪ್ಪು ಮನುಷ್ಯ ಒಬ್ಬ. ಬಣ್ಣದ ಹೆಸರೆತ್ತುವಂತಿಲ್ಲ, ಹದಿನೈದನೇ ತಿದ್ದುಪಡಿ ಅಡ್ಡ ಬರುತ್ತೆ. ಹಾಗಾಗಿ ಓಟಿನ ತೆರಿಗೆ, ಸಂವಿಧಾನ ಓದಿ ಅರ್ಥ ಹೇಳುವ ಪರೀಕ್ಷೆ, ಇವುಗಳ ಜೊತೆಗೆ ಅಪರಾಧಗಳ ಒಂದು ಪಟ್ಟಿ. ಲಂಚ, ಕನ್ನ, ಕಳ್ಳತನ, ಬೆಂಕಿ ಹಚ್ಚುವುದು, ಮೋಸದಿಂದ ಹಣ ಅಥವಾ ಸರಕು ಪಡೆಯುವುದು, ಸುಳ್ಳು ಸಾಕ್ಷಿ, ಫೋರ್ಜರಿ, ಹಣ ದುರುಪಯೋಗ, ಎರಡನೇ ಮದುವೆ. ಒಮ್ಮೆ ಮತ್ತೆ ಓದಿ, ಏನಿಲ್ಲ ನೋಡಿ. ಕೊಲೆ ಇಲ್ಲ. ಅತ್ಯಾಚಾರ ಇಲ್ಲ. ಹಂದಿ ಕದ್ದವನಿಗೆ ಆಜೀವ ಓಟಿಲ್ಲ, ಮನುಷ್ಯನನ್ನು ಕೊಂದವನಿಗೆ ಉಂಟು.

ಹಂದಿ ಅಂತ ಸುಮ್ಮನೆ ಹೇಳಿದ್ದಲ್ಲ. 1876ರಲ್ಲೇ ಆ ರಾಜ್ಯ ಒಂದು ಕಾನೂನು ಮಾಡಿತ್ತು, ಜನ ಅದನ್ನು 'ಹಂದಿ ಕಾನೂನು' ಅಂತಲೇ ಕರೀತಾರೆ. ಸಾಕುಪ್ರಾಣಿ ಕದ್ದರೆ, ಇಲ್ಲಾ 10 ಡಾಲರ್ ಬೆಲೆಯ ಏನೇ ಕದ್ದರೂ ಅದು ದೊಡ್ಡ ಕಳ್ಳತನ, ಐದು ವರ್ಷದವರೆಗೆ ಜೈಲು. ಹೊಟ್ಟೆಗಿಲ್ಲದ ಮಾಜಿ ಗುಲಾಮರ ಮೇಲೆ ಹೂಡಿದ ಬಲೆ. 1890ರ ಪಟ್ಟಿ ಅದೇ ಬಲೆಗೆ ಇನ್ನೊಂದು ಗಂಟು ಹಾಕಿತು. ಇದೆಲ್ಲ ನನ್ನ ಊಹೆ ಅಂದ್ಕೋಬೇಡಿ. 1896ರಲ್ಲಿ ಮಿಸಿಸಿಪ್ಪಿಯ ಸುಪ್ರೀಂ ಕೋರ್ಟೇ, ಓಟಿನ ತೆರಿಗೆಯ ಒಂದು ಕೇಸಿನಲ್ಲಿ, ಬಹಿರಂಗವಾಗಿ ಬರೆದಿದೆ. ಬಣ್ಣ ನೋಡಿ ತಾರತಮ್ಯ ಮಾಡಲು ಫೆಡರಲ್ ಸಂವಿಧಾನ ಬಿಡದ್ದರಿಂದ, ಕಪ್ಪು ಜನ ಹೆಚ್ಚಾಗಿ ಮಾಡುತ್ತಾರೆ ಎಂದು ತಾವು ಭಾವಿಸಿದ್ದ ಗುಟ್ಟಿನ ಅಪರಾಧಗಳನ್ನು ಆರಿಸಿ ತಾರತಮ್ಯ ಮಾಡಿದರು ಅಂತ. ಖಂಡಿಸಿ ಬರೆದದ್ದಲ್ಲ ಅದು, ಒಂದು ರೀತಿ ಮೆಚ್ಚುಗೆಯ ಧಾಟಿ.

1901ರಲ್ಲಿ ಅಲಬಾಮಾ. 155 ಪ್ರತಿನಿಧಿಗಳು, ಅಷ್ಟೂ ಬಿಳಿಯರು. ಸಭೆಯ ಅಧ್ಯಕ್ಷ ಜಾನ್ ನಾಕ್ಸ್ ಉದ್ಘಾಟನಾ ಭಾಷಣದಲ್ಲೇ, ಫೆಡರಲ್ ಸಂವಿಧಾನದ ಮಿತಿಯೊಳಗೆ ಬಿಳಿಯರ ಪ್ರಭುತ್ವ ಸ್ಥಾಪಿಸುವುದೇ ನಮ್ಮ ಕೆಲಸ ಅಂದುಬಿಟ್ಟ. ಅವರ ಪಟ್ಟಿ ಇನ್ನೂ ಉದ್ದ. ಅಲೆಮಾರಿತನ, ಹೆಂಡತಿಯನ್ನು ಹೊಡೆಯುವುದು, ಜನಾಂಗ ಮೀರಿದ ಮದುವೆ, ಕೊನೆಗೆ ಏನು ಬೇಕಾದರೂ ಹಿಡಿಯಬಹುದಾದ 'ನೈತಿಕ ಅಧಃಪತನ'ದ ಅಪರಾಧ.

ಇನ್ನು ಎಪ್ಪತ್ತು ವರ್ಷ ಹಾರಿ ಕ್ಯಾಲಿಫೋರ್ನಿಯಾಕ್ಕೆ ಹೋಗೋಣ. ಏಬ್ರನ್ ರಾಮಿರೆಜ್ ಅಂತ ಒಬ್ಬರು. 1952ರಲ್ಲಿ ಟೆಕ್ಸಾಸ್‌ನಲ್ಲಿ ದರೋಡೆ ಕೇಸಿನಲ್ಲಿ ಶಿಕ್ಷೆಯಾಗಿ ಮೂರು ತಿಂಗಳು ಜೈಲಿನಲ್ಲಿದ್ದರು. 1962ಕ್ಕೆ ಪೆರೋಲೂ ಮುಗಿಯಿತು. 1972ರ ಫೆಬ್ರವರಿಯಲ್ಲಿ ಸ್ಯಾನ್ ಲೂಯಿಸ್ ಒಬಿಸ್ಪೋ ಕೌಂಟಿಯ ಕಚೇರಿಗೆ ಹೋಗಿ ಮತದಾರರ ಪಟ್ಟಿಗೆ ಹೆಸರು ಸೇರಿಸಿ ಅಂದರೆ, ಇಪ್ಪತ್ತು ವರ್ಷದ ಹಿಂದಿನ ಆ ಮೂರು ತಿಂಗಳು ತೋರಿಸಿ ವಾಪಸ್ ಕಳಿಸಿದರು. ಇನ್ನಿಬ್ಬರ ಜೊತೆ ಸೇರಿ ಕೋರ್ಟಿಗೆ ಹೋದರು. ರಾಜ್ಯದ ಸುಪ್ರೀಂ ಕೋರ್ಟು 1973ರಲ್ಲಿ ಅವರ ಪರ ತೀರ್ಪು ಕೊಟ್ಟಿತು, ಶಿಕ್ಷೆ ಮುಗಿಸಿದವನಿಗೆ ಓಟು ನಿರಾಕರಿಸುವುದು ಸಮಾನ ರಕ್ಷಣೆಗೆ ವಿರುದ್ಧ ಅಂತ.

1974ರ ಜೂನಿನಲ್ಲಿ ಅಮೆರಿಕದ ಸುಪ್ರೀಂ ಕೋರ್ಟು 6-3ರಲ್ಲಿ ಅದನ್ನು ತಲೆಕೆಳಗು ಮಾಡಿತು. ನ್ಯಾಯಮೂರ್ತಿ ರೆನ್‌ಕ್ವಿಸ್ಟ್ ಬರೆದ ತೀರ್ಪಿನ ತಿರುಳು ಇಷ್ಟು: ಅಪರಾಧಿಗಳ ಓಟು ಕಿತ್ತುಕೊಂಡರೆ ದಂಡ ಇಲ್ಲ ಅಂತ ಎರಡನೇ ಸೆಕ್ಷನ್ ಒಪ್ಪಿಕೊಂಡಿರುವಾಗ, ಅದೇ ತಿದ್ದುಪಡಿಯ ಮೊದಲನೇ ಸೆಕ್ಷನ್ ಅದನ್ನೇ ನಿಷೇಧಿಸಲು ಹೇಗೆ ಸಾಧ್ಯ? ಥರ್ಗುಡ್ ಮಾರ್ಷಲ್ ಒಪ್ಪಲಿಲ್ಲ. ಎರಡನೇ ಸೆಕ್ಷನ್ ಸೀಟುಗಳ ಲೆಕ್ಕಕ್ಕೆ ಹುಟ್ಟಿದ್ದು, ಒಂದು ಕಡೆ ದಂಡ ಇಲ್ಲ ಅಂದ ಮಾತ್ರಕ್ಕೆ ಬೇರೆ ಎಲ್ಲ ಕಡೆ ಅದು ಸರಿ ಅಂತ ಆಗಲ್ಲ ಅನ್ನೋದು ಅವರ ವಾದ. ನನಗಂತೂ ಮಾರ್ಷಲ್ ಓದೇ ಹೆಚ್ಚು ಸರಿ ಅನ್ನಿಸುತ್ತೆ. ನೋ ಪಾರ್ಕಿಂಗ್ ದಂಡದಿಂದ ಆಂಬ್ಯುಲೆನ್ಸಿಗೆ ವಿನಾಯಿತಿ ಇದೆ ಅಂದ್ರೆ ಅದು ಯಾರ ಮೇಲಾದರೂ ಹತ್ತಿಸಬಹುದು ಅಂತಲ್ಲವಲ್ಲ. ಆದರೆ ನನ್ನ ಅಭಿಪ್ರಾಯ ಕಟ್ಟಿಕೊಂಡು ಏನು, ಕಾನೂನು ರೆನ್‌ಕ್ವಿಸ್ಟ್ ಹೇಳಿದ್ದು.

ಕೋರ್ಟಿನಲ್ಲಿ ಸೋತ ರಾಮಿರೆಜ್ ಅದೇ ವರ್ಷ ಗೆದ್ದರು. ನವೆಂಬರಿನಲ್ಲಿ ಕ್ಯಾಲಿಫೋರ್ನಿಯಾದ ಮತದಾರರೇ ರಾಜ್ಯ ಸಂವಿಧಾನ ತಿದ್ದಿ, ಶಿಕ್ಷೆ ಮತ್ತು ಪೆರೋಲ್ ಮುಗಿಸಿದವರಿಗೆ ಓಟು ವಾಪಸ್ ಕೊಟ್ಟರು.

ಆ ಮೂರು ಪದಗಳ ರಕ್ಷಣೆಗೂ ಒಂದು ಮಿತಿ ಇದೆ ಅಂತ ಗೊತ್ತಾಗಿದ್ದು 1985ರಲ್ಲಿ. ಅಲಬಾಮಾದಲ್ಲಿ ದುಡ್ಡಿಲ್ಲದ ಖಾತೆಯ ಚೆಕ್ ಕೊಟ್ಟ ಸಣ್ಣ ಅಪರಾಧಕ್ಕೆ ಇಬ್ಬರು ಓಟು ಕಳಕೊಂಡಿದ್ದರು, ಒಬ್ಬರು ಕಪ್ಪು, ಒಬ್ಬರು ಬಿಳಿ. ಸುಪ್ರೀಂ ಕೋರ್ಟು 8-0, ಬರೆದವರು ಮತ್ತೆ ಅದೇ ರೆನ್‌ಕ್ವಿಸ್ಟ್. ಬಣ್ಣದ ದ್ವೇಷವೇ ಉದ್ದೇಶ ಅಂತ ಸಾಬೀತಾದರೆ 'ಇತರ ಅಪರಾಧ' ಅನ್ನೋ ಗುರಾಣಿ ಕೆಲಸಕ್ಕೆ ಬರಲ್ಲ ಅಂದರು. ಅಲಬಾಮಾ ಕೊಟ್ಟ ಸಮರ್ಥನೆ ಕೇಳಿ: ನಾವು ಕಪ್ಪು ಜನರನ್ನಷ್ಟೇ ಅಲ್ಲ, ಬಡ ಬಿಳಿಯರನ್ನೂ ಹೊರಗಿಡೋಕೆ ನೋಡಿದ್ವಿ! ಕೋರ್ಟು ಒಪ್ಪಲಿಲ್ಲ. ಜೈಲಾಗದ ಸಣ್ಣ ಅಪರಾಧಗಳಿಗೆ ಓಟು ಕಳಕೊಳ್ಳುವ ಸಂಭವ ಅಲ್ಲಿಯ ಎರಡು ಕೌಂಟಿಗಳಲ್ಲಿ ಕಪ್ಪು ಜನರಿಗೆ ಬಿಳಿಯರಿಗಿಂತ ಕನಿಷ್ಠ 1.7 ಪಟ್ಟು ಹೆಚ್ಚು ಅನ್ನೋ ಲೆಕ್ಕವೂ ದಾಖಲೆಯಲ್ಲಿತ್ತು. ನಾಕ್ಸ್ ಬಾಯಿಬಿಟ್ಟು ಹೇಳಿದ್ದರಿಂದ ಅಲಬಾಮಾ ಸಿಕ್ಕಿಬಿತ್ತು. ಬಾಯಿ ಮುಚ್ಚಿಕೊಂಡು ಮಾಡಿದ್ದರೆ?

ಮಿಸಿಸಿಪ್ಪಿಯಂತೂ ಬಾಯಿಬಿಟ್ಟೂ ಪಾರಾಯಿತು. ಅಲ್ಲಿ 1950ರಲ್ಲಿ ಪಟ್ಟಿಯಿಂದ ಕನ್ನ ತೆಗೆದರು, 1968ರಲ್ಲಿ ಕೊನೆಗೂ ಕೊಲೆ, ಅತ್ಯಾಚಾರ ಸೇರಿಸಿದರು. ಅಷ್ಟಕ್ಕೇ ಹಳೆಯ ಕಳಂಕ ತೊಳೆದುಹೋಯಿತು ಅಂತ ಐದನೇ ಸರ್ಕ್ಯೂಟಿನ ಮೇಲ್ಮನವಿ ಕೋರ್ಟು 1998ರಲ್ಲೂ, ಪೂರ್ಣಪೀಠವಾಗಿ ಕೂತು 2022ರಲ್ಲೂ ಹೇಳಿತು. 2023ರಲ್ಲಿ ಸುಪ್ರೀಂ ಕೋರ್ಟು ಕೇಸು ಕೈಗೆತ್ತಿಕೊಳ್ಳಲಿಲ್ಲ, ನ್ಯಾಯಮೂರ್ತಿ ಕೆಟಾಂಜಿ ಬ್ರೌನ್ ಜ್ಯಾಕ್ಸನ್ ಭಿನ್ನಮತ ಬರೆದರು. ಉಳಿದ ಎಂಟು ಅಪರಾಧ 1890ರಲ್ಲಿ ಹಾಕಿದ್ದೇ, ಅವನ್ನು ಇಡಬೇಕೋ ಬೇಡವೋ ಅಂತ ಆ ಎರಡು ತಿದ್ದುಪಡಿಗಳಲ್ಲಿ ಮತದಾರರನ್ನು ಯಾರೂ ಕೇಳಿಯೇ ಇಲ್ಲ. ವೇರಿಯಬಲ್ ಹೆಸರು ಬದಲಿಸಿ ಬಗ್ ಫಿಕ್ಸ್ ಆಯಿತು ಅಂದ ಹಾಗೆ.

ಸರಿ, ಕೋರ್ಟು ಬಿಡಿ, ಕಾಂಗ್ರೆಸ್ ಏನು ಮಾಡಬಹುದು? 1999ರಲ್ಲಿ ಜಾನ್ ಕಾನ್ಯರ್ಸ್ ಕೆಳಮನೆಯಲ್ಲಿ ಒಂದು ಮಸೂದೆ ತಂದಿದ್ದರು, ಜೈಲಿನಿಂದ ಹೊರಗೆ ಬಂದವರಿಗೆ ಕೇಂದ್ರದ ಚುನಾವಣೆಗಳಲ್ಲಾದರೂ ಓಟು ಕೊಡಿ ಅಂತ. 2002ರ ಫೆಬ್ರವರಿಯಲ್ಲಿ ಸೆನೆಟ್ಟಿನಲ್ಲಿ ಹ್ಯಾರಿ ರೀಡ್ ಅದೇ ಥರದ ತಿದ್ದುಪಡಿ ತಂದಾಗ 31-63ರಲ್ಲಿ ಬಿದ್ದುಹೋಯಿತು. ಬುಷ್ 537 ಓಟಿನಿಂದ ಫ್ಲೋರಿಡಾ ಗೆದ್ದು ಇನ್ನೂ ಒಂದೂವರೆ ವರ್ಷ ಆಗಿರಲಿಲ್ಲ ಅನ್ನೋದು ನೆನಪಿರಲಿ. 2021ರಲ್ಲಿ ಕೆಳಮನೆ ಪಾಸು ಮಾಡಿದ ದೊಡ್ಡ ಚುನಾವಣಾ ಮಸೂದೆಯೊಳಗೂ ಇದು ಇತ್ತು, ಸೆನೆಟ್ಟಿನಲ್ಲಿ ನಿಂತುಹೋಯಿತು.

ಪ್ರತಿ ಸಲವೂ ಎದುರು ಬರುವ ವಾದ ಒಂದೇ, ಇದು ಕಾಂಗ್ರೆಸ್ಸಿನ ಅಧಿಕಾರವೇ ಅಲ್ಲ ಅಂತ. ಈ ವಾದ ಮಾಡುವವರ ಉದ್ದೇಶ ಏನೇ ಇರಲಿ, ವಾದ ಟೊಳ್ಳಲ್ಲ. 1970ರಲ್ಲಿ ಕಾಂಗ್ರೆಸ್ ಸಾಮಾನ್ಯ ಕಾನೂನಿನಲ್ಲೇ ಮತದಾನದ ವಯಸ್ಸನ್ನು 18ಕ್ಕೆ ಇಳಿಸಿತ್ತು. ಸುಪ್ರೀಂ ಕೋರ್ಟಿನಲ್ಲಿ ನಾಲ್ವರು ಸರಿ ಅಂದರು, ನಾಲ್ವರು ಪೂರ್ತಿ ತಪ್ಪು ಅಂದರು. ಉಳಿದ ಹ್ಯೂಗೋ ಬ್ಲ್ಯಾಕ್ ಒಬ್ಬರೇ, ಕೇಂದ್ರದ ಚುನಾವಣೆಗೆ ಸರಿ, ರಾಜ್ಯದ ಚುನಾವಣೆಗೆ ತಪ್ಪು ಅಂದರು. ಅದೇ ತೀರ್ಪಾಯಿತು! ಒಬ್ಬನೇ ಮತದಾರನಿಗೆ ಎರಡು ಪಟ್ಟಿ ಇಡಬೇಕಾದ ಗೊಂದಲ ತಪ್ಪಿಸಲು ಮರುವರ್ಷವೇ ಸಂವಿಧಾನ ತಿದ್ದಿದರು. ಕಾನ್ಯರ್ಸ್, ರೀಡ್ ಮಸೂದೆಗಳು ಕೇಂದ್ರದ ಚುನಾವಣೆಗೆ ಮಾತ್ರ ಅಂತ ಸೀಮಿತವಾಗಿದ್ದದ್ದು ಬ್ಲ್ಯಾಕ್ ತೆರೆದ ಆ ಕಿಂಡಿಯ ಆಸೆಯಿಂದ. 2013ರಲ್ಲಿ ಅರಿಜೋನಾದ ಒಂದು ಕೇಸಿನಲ್ಲಿ ನ್ಯಾಯಮೂರ್ತಿ ಸ್ಕಾಲಿಯಾ ಆ ಕಿಂಡಿಯನ್ನೂ ಹೆಚ್ಚುಕಡಿಮೆ ಮುಚ್ಚಿದರು. ಕೇಂದ್ರದ ಚುನಾವಣೆ ಹೇಗೆ ನಡೆಯಬೇಕು ಅಂತ ಕಾಂಗ್ರೆಸ್ ಹೇಳಬಹುದು, ಅದರಲ್ಲಿ ಯಾರು ಓಟು ಹಾಕಬೇಕು ಅಂತಲ್ಲ. 1787ರ ಗೆರೆ ಮತ್ತೆ.

ಉಳಿದದ್ದು ಹದಿನೈದನೇ ತಿದ್ದುಪಡಿಯ ದಾರಿ, ಬಣ್ಣದ ತಾರತಮ್ಯ ತಡೆಯಲು ಕಾನೂನು ಮಾಡುವ ಅಧಿಕಾರ. 1965ರ ಮತದಾನ ಹಕ್ಕು ಕಾಯ್ದೆ ಹುಟ್ಟಿದ್ದೇ ಇದರಿಂದ. 1982ರಲ್ಲಿ ಅದನ್ನು ತಿದ್ದಿ, ಉದ್ದೇಶ ಬೇಕಿಲ್ಲ, ಪರಿಣಾಮ ತಾರತಮ್ಯವಾಗಿದ್ದರೆ ಸಾಕು ಅಂತ ಮಾಡಿದರು. ಹಾಗಾದ್ರೆ ಅಪರಾಧಿಗಳ ಓಟಿಗೂ ಇದು ಅನ್ವಯಿಸಬೇಕಲ್ವೇ? 2005ರಿಂದ 2010ರವರೆಗೆ ಫ್ಲೋರಿಡಾ, ನ್ಯೂಯಾರ್ಕ್, ಮ್ಯಾಸಚೂಸೆಟ್ಸ್, ವಾಷಿಂಗ್ಟನ್ ರಾಜ್ಯಗಳಿಂದ ಹೋದ ಕೇಸುಗಳಲ್ಲಿ ನಾಲ್ಕು ಮೇಲ್ಮನವಿ ಕೋರ್ಟುಗಳು ಕೈಚೆಲ್ಲಿದವು. 14ನೇ ತಿದ್ದುಪಡಿಯೇ ಹೆಸರಿಸಿ ಒಪ್ಪಿದ್ದನ್ನು ಕಾಂಗ್ರೆಸ್ ಹೀಗೆ ಸದ್ದಿಲ್ಲದೆ ಅಳಿಸಿತು ಅಂತ ನಂಬೋದು ಹೇಗೆ ಅನ್ನೋದು ಅವರ ತರ್ಕದ ಒಂದು ಎಳೆ. ಕಾಂಗ್ರೆಸ್ ಈಗ ಸ್ಪಷ್ಟವಾಗೇ ಹೇಳಿದರೆ? ಆಗ 1997ರ ಇನ್ನೊಂದು ತೀರ್ಪು ಅಡ್ಡ ನಿಲ್ಲುತ್ತೆ: ತಡೆಯಬೇಕಾದ ಅನ್ಯಾಯ ಎಷ್ಟಿದೆಯೋ ಕಾನೂನು ಅದರ ಅಳತೆಗೆ ಇರಬೇಕು. ಮಿಸಿಸಿಪ್ಪಿ, ಅಲಬಾಮಾದಲ್ಲಿ ಅನ್ಯಾಯ ತೋರಿಸೋದು ಸುಲಭ. ಆದರೆ ಯುದ್ಧಕ್ಕೂ ಮೊದಲೇ, ಕಪ್ಪು ಜನರೇ ಅಪರೂಪವಾಗಿದ್ದ ಉತ್ತರದ ರಾಜ್ಯಗಳಲ್ಲೂ ಇಂಥ ನಿಯಮ ಇತ್ತಲ್ಲ, ಅಲ್ಲಿಗೂ ಸೇರಿಸಿ ಒಂದೇ ಕಾನೂನು ಅಂದ್ರೆ ಕೋರ್ಟಿನಲ್ಲಿ ಉಳಿಯೋದು ಕಷ್ಟ.

ಹಾಗಾಗಿ ನಿಜವಾಗಿ ಬದಲಾವಣೆ ಬಂದಿರೋದೆಲ್ಲ ರಾಜ್ಯಗಳಿಂದಲೇ. ದೊಡ್ಡದು ಫ್ಲೋರಿಡಾ. 2018ರಲ್ಲಿ ಶೇ 60 ಬೇಕಿದ್ದ ಕಡೆ ಹತ್ತಿರಹತ್ತಿರ ಶೇ 65 ಜನ ಕೊಲೆ, ಲೈಂಗಿಕ ಅಪರಾಧ ಬಿಟ್ಟು ಉಳಿದವರಿಗೆ ಶಿಕ್ಷೆ ಮುಗಿದ ಮೇಲೆ ಓಟು ಕೊಡಿ ಅಂದರು. ಸುಮಾರು 14 ಲಕ್ಷ ಜನಕ್ಕೆ ಅನುಕೂಲ ಆಗುತ್ತೆ ಅನ್ನೋ ಲೆಕ್ಕವಿತ್ತು. 2019ರಲ್ಲಿ ಅಲ್ಲಿಯ ಶಾಸನಸಭೆ, ಶಿಕ್ಷೆ ಮುಗಿಯುವುದು ಅಂದ್ರೆ ಕೋರ್ಟಿನ ದಂಡ, ಶುಲ್ಕ ಎಲ್ಲ ಕಟ್ಟಿ ಮುಗಿಸುವುದು ಅಂತ ಕಾನೂನು ಮಾಡಿತು. ಯಾರು ಎಷ್ಟು ಬಾಕಿ ಅಂತ ಹೇಳುವ ಒಂದು ಸರಿಯಾದ ಡೇಟಾಬೇಸ್ ಕೂಡ ರಾಜ್ಯದ ಹತ್ತಿರ ಇರಲಿಲ್ಲ! ಜಿಲ್ಲಾ ನ್ಯಾಯಾಧೀಶ ರಾಬರ್ಟ್ ಹಿಂಕಲ್ 2020ರ ಮೇನಲ್ಲಿ ಅದರ ಬಹುಭಾಗ ತಡೆದರು, ಸೆಪ್ಟೆಂಬರಿನಲ್ಲಿ ಮೇಲ್ಮನವಿ ಕೋರ್ಟು 6-4ರಲ್ಲಿ ಕಾನೂನನ್ನು ಎತ್ತಿಹಿಡಿಯಿತು.

ಆ ಮರೆತುಹೋದ 1870ರ ಷರತ್ತು ನೆನಪಿದೆಯಾ? 2023ರಲ್ಲಿ ವರ್ಜೀನಿಯಾದಲ್ಲಿ ಅದನ್ನೇ ಹಿಡಿದು ಒಂದು ದಾವೆ ಹೂಡಿದರು. ಅದೇ ವರ್ಷ ಆಗಸ್ಟಿನಲ್ಲಿ ಮಿಸಿಸಿಪ್ಪಿಯ ಪಟ್ಟಿಯನ್ನು ಐದನೇ ಸರ್ಕ್ಯೂಟಿನ ಮೂವರ ಪೀಠ ಕ್ರೂರ ಶಿಕ್ಷೆ ಅಂತ ರದ್ದು ಮಾಡಿತ್ತು. 2024ರ ಜುಲೈನಲ್ಲಿ ಪೂರ್ಣಪೀಠ 13-6ರಲ್ಲಿ ಅದನ್ನು ತಿರುಗಿಸಿತು, ಓಟು ಕಿತ್ತುಕೊಳ್ಳುವುದು ಶಿಕ್ಷೆಯೇ ಅಲ್ಲ ಅಂತ. ಶಿಕ್ಷೆಯಾಗಿ ಮಾತ್ರ ಕಿತ್ತುಕೊಳ್ಳಬಹುದು ಅಂತ ತಾನೇ 1870ರಲ್ಲಿ ಆ ರಾಜ್ಯವನ್ನು ಒಳಗೆ ಬಿಟ್ಟುಕೊಂಡದ್ದು? ಇರಲಿ. ಬದಲಾವಣೆ ಬೇಕಿದ್ದರೆ ಶಾಸನಸಭೆಯ ಮನವೊಲಿಸಿ ಅಂತ ಕೋರ್ಟು ಹೇಳಿ ಕಳಿಸಿತು.

ಮಿಸಿಸಿಪ್ಪಿಯ ಶಾಸನಸಭೆಯಲ್ಲಿ ಓಟು ವಾಪಸ್ ಪಡೆಯುವ ಕ್ರಮ ಹೀಗಿದೆ. ನಿಮ್ಮ ಕ್ಷೇತ್ರದ ಶಾಸಕರನ್ನು ಹಿಡಿದು ನಿಮ್ಮೊಬ್ಬರ ಹೆಸರಿನಲ್ಲಿ ಒಂದು ಮಸೂದೆ ಮಂಡಿಸಬೇಕು, ಅದಕ್ಕೆ ಎರಡೂ ಸದನಗಳಲ್ಲಿ ಮೂರನೇ ಎರಡರಷ್ಟು ಸದಸ್ಯರ ಒಪ್ಪಿಗೆ ಬೇಕು. ಮುಂದಿನವನಿಗೆ ಇನ್ನೊಂದು ಮಸೂದೆ. ಅದು ಬೇಡ ಅಂದ್ರೆ ಗವರ್ನರ್ ಹತ್ತಿರ ಕ್ಷಮಾದಾನ ಕೇಳಬಹುದು.